ಹೊಸ ಒಡಂಬಡಿಕೆಯ ಹೆಸರಿನ ಅರ್ಥ ಬಿಡಿಸುವುದು ಹೇಗೆ?

ಬೆಂಗಳೂರಿನ ಸುತ್ತಮುತ್ತಲಿನ ಹಳೆಯ ಕಥೋಲಿಕ ಮನೆಗಳಲ್ಲಿ ಚಿನ್ನಪ್ಪ ಎಂಬ ಹೆಸರು ಕೇಳಿರುತ್ತೀರಿ. ಕನ್ನಡದ ಕಿವಿಗೆ ಅದು ಬಂಗಾರದ ಹೆಸರು. ಆದರೆ ಅದು ಬಂದ ದಾರಿಯಲ್ಲಿ ಬಂಗಾರವೇ ಇಲ್ಲ. ತಮಿಳು ಕಥೋಲಿಕರು ಸಂತ ಪೌಲರನ್ನು ಚಿನ್ನಪ್ಪರ್ ಎಂದು ಕರೆಯುತ್ತ ಬಂದವರು. ತಮಿಳಿನಲ್ಲಿ ಚಿನ್ನ ಎಂದರೆ ಸಣ್ಣದು, ಲ್ಯಾಟಿನ್ನಿನ ಪೌಲುಸ್ ಎಂದರೂ ಸಣ್ಣವನು. ಯಾರೋ ಹೆಸರಿನ ಸದ್ದನ್ನು ಬಿಟ್ಟು ಅರ್ಥವನ್ನೇ ತಮಿಳಿಗೆ ತಂದರು, ಅದು ಹಾಗೇ ಗಡಿ ದಾಟಿ ಕನ್ನಡಕ್ಕೆ ಬಂದಾಗ ನಮ್ಮ ಸಣ್ಣಪ್ಪ ಚಿನ್ನದ ಅಪ್ಪನಾಗಿಬಿಟ್ಟ. ಯೋಹಾನನಿಗೆ ಅರುಳಪ್ಪ ಎಂಬ ಹೆಸರು ಬಂದದ್ದೂ ಇದೇ ದಾರಿಯಲ್ಲಿ. ಅರುಳ್ ಎಂದರೆ ಕೃಪೆ. (ಕೊಡಗಿನ ಚಿನ್ನಪ್ಪಂದಿರು ಗಾಬರಿಯಾಗಬೇಕಿಲ್ಲ, ಅವರ ಹೆಸರಿಗೂ ಪೌಲನಿಗೂ ನಂಟಿಲ್ಲ.)

ಮಗುವಿಗೆ ಹೆಸರು ಹುಡುಕುವವರು, ಭಾನುವಾರದ ತರಗತಿಯಲ್ಲಿ ಪಾಠ ಹೇಳುವವರು, ಸುಮ್ಮನೆ ಕುತೂಹಲಕ್ಕೆ ಬೈಬಲ್ ಓದುವವರು ಎಲ್ಲರೂ ಎಡವುವ ಜಾಗ ಇದೇ. ಹೆಸರು ಇವತ್ತು ಕಿವಿಗೆ ಬೀಳುವ ಹಾಗೆ ಅರ್ಥ ಹಚ್ಚುತ್ತೇವೆ. ಇಲ್ಲವೇ ಮಕ್ಕಳ ಹೆಸರಿನ ಪಟ್ಟಿಯಲ್ಲಿ ಕಂಡ ಒಂದು ಪದವನ್ನು ನಂಬಿಬಿಡುತ್ತೇವೆ. ಹೆಸರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿಕೊಂಡು ಹೋದರೆ ಇಷ್ಟು ತಪ್ಪಾಗುವುದಿಲ್ಲ. ಅದಕ್ಕೆ ಗ್ರೀಕ್, ಹೀಬ್ರೂ ಕಲಿತಿರಬೇಕೆಂದೇನೂ ಇಲ್ಲ. ಒಂದು ಕನ್ನಡ ಸತ್ಯವೇದ (ಬೈಬಲ್), ಒಂದು ನೋಟ್‌ಬುಕ್, ಸ್ವಲ್ಪ ಅನುಮಾನ ಇದ್ದರೆ ಸಾಕು.

ಮೊದಲನೆಯದು: ಕನ್ನಡದ ಬಾಲ ಬಿಡಿಸಿ

ಪೇತ್ರನು, ಪೌಲನು, ಸ್ತೆಫನನು, ಫಿಲಿಪ್ಪನು. ಈ 'ನು' ನಮ್ಮ ವ್ಯಾಕರಣದ್ದು ಎಂಬುದು ಎಲ್ಲರಿಗೂ ಗೊತ್ತು. ಅದರ ಹಿಂದೆ ಉಳಿಯುವ ಅಕಾರದಲ್ಲೂ ನಮ್ಮ ಕೈವಾಡವಿದೆ. ಗ್ರೀಕಿನಲ್ಲಿ ಇವರು ಪೆತ್ರೊಸ್, ಪೌಲೊಸ್, ಸ್ತೆಫನೊಸ್, ಫಿಲಿಪ್ಪೊಸ್. ಗಂಡಸಿನ ಹೆಸರಿನ ತುದಿಗೆ 'ಒಸ್' ಹಚ್ಚುವುದು ಗ್ರೀಕರ ಪದ್ಧತಿ. ಸಂಸ್ಕೃತದ ರಾಮಃ ಎಂಬುದರ ವಿಸರ್ಗ ತೆಗೆದು ನಾವು ರಾಮನು ಮಾಡಿಕೊಂಡ ಹಾಗೆಯೇ, ಅನುವಾದಕರು ಒಸ್ ಕತ್ತರಿಸಿ ಅಕಾರಾಂತ ಮಾಡಿ ನಮ್ಮ ವಿಭಕ್ತಿಗೆ ಹೊಂದಿಸಿದರು. 19ನೇ ಶತಮಾನದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಅನುವಾದಕ್ಕೆ ಕೂತಾಗ ಇಂಥ ನೂರಾರು ಹೆಸರುಗಳಿಗೆ ಕನ್ನಡದ ಪಂಚೆ ಉಡಿಸಬೇಕಾಗಿತ್ತು. ಉಡಿಸಿದ್ದು ಚೆನ್ನಾಗಿಯೇ ಇದೆ. ತೋಮನಿಗೆ, ಯೂದನಿಂದ, ಮತ್ತಾಯನ ಎನ್ನುವಾಗ ಎಲ್ಲೂ ನಾಲಿಗೆ ತೊಡರುವುದಿಲ್ಲ.

ಇಂಗ್ಲಿಷಿನಿಂದ ಬರುವವರಿಗೆ ಈ ಹಂತದಲ್ಲೇ ಒಂದು ಗೊಂದಲ. ಹನ್ನೆರಡು ಶಿಷ್ಯರಲ್ಲಿ ಜೇಮ್ಸ್ ಎಲ್ಲಿ ಎಂದು ಕೇಳುತ್ತಾರೆ. ಅವನೇ ಯಾಕೋಬ. ಹೀಬ್ರೂ ಭಾಷೆಯ ಯಅಕೋವ್ ಗ್ರೀಕಿನಲ್ಲಿ ಇಯಾಕೋಬೊಸ್ ಆಗಿ, ಲ್ಯಾಟಿನ್ನಿನಲ್ಲಿ ಇಯಾಕೋಬುಸ್ ಆಗಿ, ಕೊನೆಗಾಲದ ಲ್ಯಾಟಿನ್ನಿನಲ್ಲಿ ಇಯಾಕೋಮುಸ್ ಎಂದು ಸವೆದು, ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಜೇಮ್ಸ್ ಆಯಿತು. ಕನ್ನಡ ಈ ಸುತ್ತುದಾರಿ ಹಿಡಿಯಲಿಲ್ಲ. ಆದಿಕಾಂಡದಲ್ಲಿ ಅಣ್ಣನ ಹಿಮ್ಮಡಿ ಹಿಡಿದು ಹುಟ್ಟಿದವನೂ ಯಾಕೋಬ, ಗಲಿಲಾಯದ ಬೆಸ್ತನೂ ಯಾಕೋಬ. ಹೆಸರಿನ ಬೇರು ಹುಡುಕುವವರಿಗೆ ಇಂಗ್ಲಿಷ್ ಬೈಬಲಿಗಿಂತ ಕನ್ನಡದ್ದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಯೋಹಾನನನ್ನೇ ನೋಡಿ: ಹೀಬ್ರೂವಿನ ಯೋಹಾನಾನ್ ಗ್ರೀಕಿಗೆ ಹೋಗಿ ಹಕಾರ ಕಳೆದುಕೊಂಡು ಇಯೋಆನ್ನೇಸ್ ಆಗಿತ್ತು. ಕನ್ನಡದಲ್ಲಿ ಆ ಹಕಾರ ಮರಳಿ ಬಂದು ಕೂತಿದೆ.

ಎರಡನೆಯದು: ಗ್ರೀಕ್ ಅಂಗಿ ಕಳಚಿ

ಹೊಸ ಒಡಂಬಡಿಕೆ ಬರೆದದ್ದು ಗ್ರೀಕಿನಲ್ಲಿ. ಅದರಲ್ಲಿ ಬರುವ ಬಹುಪಾಲು ಜನ ಆಡುತ್ತಿದ್ದದ್ದು ಅರಮಾಯಿಕ್, ಶಾಸ್ತ್ರ ಓದುತ್ತಿದ್ದದ್ದು ಹೀಬ್ರೂವಿನಲ್ಲಿ. ಗ್ರೀಕರಿಗೆ 'ಶ' ಇಲ್ಲ, ಗಂಟಲಾಳದ ಸದ್ದುಗಳಿಲ್ಲ. ಹಾಗಾಗಿ ಶಕಾರ ಸಕಾರವಾಯಿತು, ಗಂಟಲಿನ ಸದ್ದು ಬಿದ್ದುಹೋಯಿತು, ತುದಿಗೆ ಒಂದು 'ಸ್' ಅಂಟಿತು. ಈ ಮೂರೂ ಒಂದೇ ಹೆಸರಿನಲ್ಲಿ ಆದದ್ದನ್ನು ನೋಡಬೇಕಾದರೆ ಯೇಸುವಿನ ಹೆಸರನ್ನೇ ತೆಗೆದುಕೊಳ್ಳಿ.

ಹಳೆಯ ರೂಪ ಯೆಹೋಶುವ: ಯೆಹೋವನೇ (ಹಳೆಯ ಒಡಂಬಡಿಕೆಯಲ್ಲಿ ದೇವರ ಹೆಸರು) ರಕ್ಷಣೆ. ಯೆಹೂದ್ಯರ ಬಾಬಿಲೋನಿನ ಸೆರೆವಾಸದ ನಂತರದ ಕಾಲದಲ್ಲಿ ಅದು ಯೇಶುವ ಎಂದು ಮೊಟಕಾಯಿತು. ಗ್ರೀಕಿಗೆ ಹೋದಾಗ ಶ ಹೋಗಿ ಸ ಬಂತು, ಕೊನೆಯ ಗಂಟಲುಸದ್ದು ಮಾಯವಾಯಿತು, ಸ್ ಸೇರಿತು: ಇಯೇಸೂಸ್. ನಮ್ಮ ಯೇಸುವಿನಲ್ಲಿ ಆ ಕೊನೆಯ ಸ್ ಉದುರಿದೆ. ಮಂಗಳೂರಿನ ಕೊಂಕಣಿ ಕಥೋಲಿಕರ ಜೆಜು ಬಂದದ್ದು ಪೋರ್ಚುಗೀಸರ ದಾರಿಯಲ್ಲಿ. ಹಳೆಯ ಒಡಂಬಡಿಕೆಯಲ್ಲಿ ಜನರನ್ನು ಯೊರ್ದನ್ ನದಿ ದಾಟಿಸಿದ ಯೆಹೋಶುವನದೂ ಯೇಸುವಿನದೂ ಒಂದೇ ಹೆಸರು ಎಂದರೆ ಎಷ್ಟೋ ವರ್ಷದಿಂದ ಓದುತ್ತಿರುವವರೂ ಹುಬ್ಬೇರಿಸುತ್ತಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯ 4:8ರಲ್ಲಿ ಗ್ರೀಕ್ ಮೂಲ ಆ ಹಳೆಯ ಯೆಹೋಶುವನನ್ನೂ ಇಯೇಸೂಸ್ ಎಂದೇ ಬರೆದಿದೆ. 1611ರ ಇಂಗ್ಲಿಷ್ ಅನುವಾದ ಅಲ್ಲಿ ಜೀಸಸ್ ಎಂದು ಅಚ್ಚುಹಾಕಿ ಓದುಗರನ್ನು ತಲೆ ಕೆರೆದುಕೊಳ್ಳುವಂತೆ ಮಾಡಿತು.

ಈಗ ಮತ್ತಾಯ 1:21 ತೆರೆಯಿರಿ. ಅವನಿಗೆ ಯೇಸು ಎಂದು ಹೆಸರಿಡಬೇಕು, ಯಾಕಂದರೆ ಅವನೇ ತನ್ನ ಜನರನ್ನು ಪಾಪಗಳಿಂದ ಕಾಯುವವನು ಎಂದು ದೂತ ಹೇಳುತ್ತಾನೆ. ಈ 'ಯಾಕಂದರೆ' ಗ್ರೀಕಿನಲ್ಲಿ ನಿಲ್ಲುವುದಿಲ್ಲ, ಕನ್ನಡದಲ್ಲೂ ನಿಲ್ಲುವುದಿಲ್ಲ. ಯೇಸು ಎಂಬ ಸದ್ದಿಗೂ ಕಾಯುವುದಕ್ಕೂ ನಮ್ಮಲ್ಲಿ ಏನು ಸಂಬಂಧ? ಯೇಶುವ ಎಂದು ಓದಿಕೊಂಡು ರಕ್ಷಣೆ ಎಂಬ ಅರ್ಥ ಜೊತೆಗಿಟ್ಟಾಗಲೇ ಆ ವಾಕ್ಯ ಕೂಡಿಕೊಳ್ಳುತ್ತದೆ. ಹೆಸರಿನ ಬೆನ್ನು ಹತ್ತಿ ಇಷ್ಟು ದೂರ ಹೋಗುವುದು ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಈ ವಚನ ತೋರಿಸುತ್ತೇನೆ.

ಮೂರನೆಯದು: ಯಾವ ಭಾಷೆಯ ಹೆಸರು ಎಂದು ಗುರುತಿಸಿ

ನಾಲ್ಕು ಭಾಷೆಗಳು ಇಲ್ಲಿ ಒಂದೇ ಸಂತೆಯಲ್ಲಿ ಕಲೆತಿವೆ. ಗುರುತು ಹಿಡಿಯಲು ಕೆಲವು ಕೀಲುಗಳಿವೆ.

ಹೆಸರಿನ ಮೊದಲಲ್ಲಿ 'ಯೋ', ಕೊನೆಯಲ್ಲಿ 'ಈಯ' ಕಂಡರೆ ಒಳಗೆ ಯೆಹೋವನ ಹೆಸರು ಅಡಗಿರುವ ಸಾಧ್ಯತೆ ಹೆಚ್ಚು: ಯೋಹಾನ (ಯೆಹೋವನು ಕೃಪಾಳು), ಜಕರೀಯ (ಯೆಹೋವನು ನೆನಪಿಟ್ಟಿದ್ದಾನೆ), ಅನನೀಯ. 'ಎಲ್' ಎಂದರೆ ದೇವರು: ನತಾನಯೇಲ (ದೇವರು ಕೊಟ್ಟ), ಇಮ್ಮಾನುವೇಲ್ (ದೇವರು ನಮ್ಮ ಕೂಡ ಇದ್ದಾನೆ). ನಮ್ಮ ದೇವದತ್ತನೂ ನತಾನಯೇಲನೂ ಅರ್ಥದಲ್ಲಿ ಹತ್ತಿರದವರೇ. ಆದರೆ 'ಯೋ' ಕಂಡಲ್ಲೆಲ್ಲ ಯೆಹೋವನನ್ನು ಹುಡುಕಬೇಡಿ. ಯೋಸೇಫ ಎಂದರೆ 'ಅವನು ಇನ್ನೂ ಕೂಡಿಸಲಿ', ಇನ್ನೊಂದು ಮಗುವಾಗಲಿ ಎಂಬ ರಾಹೇಲಳ ಹರಕೆ.

'ಬಾರ್' ಎಂದರೆ ಅರಮಾಯಿಕ್‌ನಲ್ಲಿ ಮಗ. ಬಾರ್ತೊಲೊಮಾಯ ಎಂದರೆ ತಲ್ಮಾಯನ ಮಗ. ಅದು ತಂದೆಯ ಹೆಸರು ಮಾತ್ರ, ಅವನ ಸ್ವಂತ ಹೆಸರು ಹನ್ನೆರಡು ಶಿಷ್ಯರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಜನರು ಯೇಸುವಿನ ಬದಲು ಬಿಡಿಸಿಕೊಂಡ ಸೆರೆಯಾಳು ಬರಬ್ಬನ ಹೆಸರಿಗೆ ಅಬ್ಬನ ಮಗ, ಅಂದರೆ ಅಪ್ಪನ ಮಗ ಎಂದು ಅರ್ಥ. ಮತ್ತಾಯನ ಕೆಲವು ಹಸ್ತಪ್ರತಿಗಳಲ್ಲಿ ಅವನ ಪೂರ್ತಿ ಹೆಸರು ಯೇಸು ಬರಬ್ಬ ಎಂದೇ ಇದೆ. ಜನರ ಮುಂದೆ ರೋಮನ್ ಅಧಿಪತಿ ಪಿಲಾತ ನಿಲ್ಲಿಸಿದ್ದು ಇಬ್ಬರು ಯೇಸುಗಳನ್ನು ಎಂದಾಗ ಆ ದೃಶ್ಯದ ಬಿಸಿಯೇ ಬೇರೆ. ಮಾರ್ಥ ಕೂಡ ಅರಮಾಯಿಕ್, ಅರ್ಥ ಮನೆಯೊಡತಿ. ಲೂಕ ಹೇಳುವ ಕತೆಯಲ್ಲಿ ಅತಿಥಿಸತ್ಕಾರಕ್ಕೆ ಓಡಾಡಿ ಬೇಸತ್ತವಳು ಅವಳೇ. ಇದರ ಪುಲ್ಲಿಂಗ ಮಾರ್, ಅಂದರೆ ಒಡೆಯ. ಕೇರಳದ ಸಿರಿಯನ್ ಕ್ರೈಸ್ತರು ಬಿಷಪ್ಪರ ಹೆಸರಿನ ಮೊದಲಿಗೆ ಇಡುವ ಮಾರ್ ಇದೇ.

ಗ್ರೀಕ್ ಹೆಸರು ಕಂಡರೆ ವಿದೇಶಿ ಎಂದು ತೀರ್ಮಾನಿಸಬೇಡಿ. ಅಂದ್ರೆಯ (ಗಂಡುಗಲಿ), ಫಿಲಿಪ್ಪ (ಕುದುರೆಪ್ರಿಯ) ಇಬ್ಬರೂ ಬೇತ್ಸಾಯಿದ ಊರಿನ ಯೆಹೂದ್ಯರು. ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಕೆಲವು ಗ್ರೀಕರು ಯೇಸುವನ್ನು ನೋಡಬೇಕೆಂದು ಬಂದಾಗ ನೇರ ಹೋದದ್ದು ಫಿಲಿಪ್ಪನ ಬಳಿಗೆ, ಅವನು ಹೋಗಿ ಹೇಳಿದ್ದು ಅಂದ್ರೆಯನಿಗೆ. ಹನ್ನೆರಡು ಮಂದಿಯಲ್ಲಿ ಅಪ್ಪಟ ಗ್ರೀಕ್ ಹೆಸರಿನ ಇಬ್ಬರೇ ಮಧ್ಯಸ್ಥರಾದದ್ದು ನನಗಂತೂ ಆಕಸ್ಮಿಕ ಅನ್ನಿಸುವುದಿಲ್ಲ.

ಲ್ಯಾಟಿನ್ ಹೆಸರುಗಳ ಬಗ್ಗೆ ಮಾತ್ರ ನಮ್ಮ ಹಳ್ಳಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರೂಫ ಎಂದರೆ ಕೆಂಪಯ್ಯ. ಅಂತಿಯೋಕ್ಯದ ಸಭೆಯಲ್ಲಿದ್ದ ಸಿಮೆಯೋನನ ಅಡ್ಡಹೆಸರು ನೀಗರ್, ಅಂದರೆ ಕರಿಯಪ್ಪ. ಪೌಲ ಸಣ್ಣಪ್ಪ. ಪೌಲ ಹೇಳುತ್ತ ಹೋದಂತೆ ರೋಮಾಪುರದವರಿಗೆ ಪತ್ರ ಬರೆದುಕೊಟ್ಟವನು ತೆರ್ತ್ಯ, ಅಂದರೆ ಮೂರನೆಯವ. ಮರುವಚನದಲ್ಲೇ ವಂದನೆ ಹೇಳುವವನು ಕ್ವರ್ತ, ನಾಲ್ಕನೆಯವ. ಹೆಣ್ಣುಮಕ್ಕಳು ಸಾಕೆಂದು ಸಾಕಮ್ಮ ಎಂದು ಹೆಸರಿಟ್ಟ ನಾಡಿನವರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ.

ನಾಲ್ಕನೆಯದು: ಪಠ್ಯವೇ ಅರ್ಥ ಹೇಳಿದೆಯೇ ನೋಡಿ

ಇದನ್ನು ಬಿಟ್ಟು ನಿಘಂಟಿಗೆ ಓಡುವವರೇ ಹೆಚ್ಚು. ಸುವಾರ್ತೆ ಬರೆದವರು ತಮ್ಮ ಓದುಗರಿಗೆ ಹೀಬ್ರೂ ಬಾರದೆಂದು ತಿಳಿದು ಎಷ್ಟೋ ಕಡೆ ತಾವೇ ಬಿಡಿಸಿ ಹೇಳಿದ್ದಾರೆ. 'ಅಂದರೆ' ಎಂಬ ಪದ ಹುಡುಕಿ. ಯೋಹಾನ 1:42ರಲ್ಲಿ ಕೇಫ ಎಂದರೆ ಪೇತ್ರ ಎಂದಿದೆ. ಕೇಫ ಅರಮಾಯಿಕ್, ಅರ್ಥ ಬಂಡೆ. ಪೆತ್ರೊಸ್ ಅದರ ಗ್ರೀಕ್ ಅನುವಾದ. ಸೀಮೋನನಿಗೆ ಯೇಸು ಇಟ್ಟ ಹೆಸರು ನಮ್ಮ ಕಡೆಯ ಬಂಡೆಪ್ಪ, ಕಲ್ಲಪ್ಪನಂಥದು. ಮತ್ತಾಯ 16:18ರಲ್ಲಿ 'ನೀನು ಪೇತ್ರನು, ಈ ಬಂಡೆಯ ಮೇಲೆ' ಎಂಬ ಮಾತಿನ ಚಮತ್ಕಾರ ಕನ್ನಡದಲ್ಲಿ ಕಳೆದುಹೋಗಿದೆ. ನೀನು ಬಂಡೆಪ್ಪ, ಈ ಬಂಡೆಯ ಮೇಲೆ ನನ್ನ ಸಭೆ ಕಟ್ಟುತ್ತೇನೆ ಎಂದು ಓದಿಕೊಂಡರೆ ಮೊದಲ ಬಾರಿ ಕೇಳಿದವರಿಗೆ ಹೇಗೆ ಕೇಳಿಸಿರಬಹುದು ಎಂಬುದು ಹೊಳೆಯುತ್ತದೆ.

ತೋಮನದೂ ಹಾಗೆಯೇ. ಯೋಹಾನ ಮೂರು ಕಡೆ ಅವನಿಗೆ ದಿದುಮ ಎಂಬ ಹೆಸರನ್ನೂ ಕೊಡುತ್ತಾನೆ. ಅರಮಾಯಿಕ್‌ನ ತೋಮಾ, ಗ್ರೀಕಿನ ದಿದುಮೊಸ್ ಎರಡಕ್ಕೂ ಅವಳಿ ಎಂದೇ ಅರ್ಥ. ಇದು ನಿಜವಾದ ಹೆಸರೇ ಆಗಿರದೆ ಕರೆಯುವ ಹೆಸರಾಗಿತ್ತು ಎಂದು ಕಾಣುತ್ತದೆ. ಸಿರಿಯಾಕ್ ಪರಂಪರೆ ಅವನನ್ನು ಯೂದ ತೋಮ ಎನ್ನುತ್ತದೆ. ಯೊಪ್ಪದಲ್ಲಿ ಬಡವರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದ ತಬಿಥಳ ಹೆಸರು ಗ್ರೀಕಿನಲ್ಲಿ ದೊರ್ಕ. ಎರಡೂ ಜಿಂಕೆ.

ಪಠ್ಯದಲ್ಲಿ ಅರ್ಥ ಹೇಳಿದ್ದರೂ ಒಮ್ಮೊಮ್ಮೆ ಗಂಟು ಬಿಚ್ಚುವುದಿಲ್ಲ. ಅಪೊಸ್ತಲರ ಕೃತ್ಯಗಳು 4:36 ಬಾರ್ನಬ ಎಂದರೆ ಧೈರ್ಯ ತುಂಬುವವನು ಎನ್ನುತ್ತದೆ. ಅರಮಾಯಿಕ್‌ನಲ್ಲಿ ಅದು ಹೇಗೆ ಬರುತ್ತದೆ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ, ಪ್ರವಾದನೆಯ ಮಗ ಎಂದು ಬಿಡಿಸುವವರಿದ್ದಾರೆ. ಇಂಥಲ್ಲಿ ನೋಟ್‌ಬುಕ್ಕಿನಲ್ಲಿ ಎರಡೂ ಬರೆದಿಡಿ: ಹೆಸರಿನ ಮೂಲ ಒಂದು ಸಾಲು, ಆ ಪುಸ್ತಕ ಬರೆದ ಲೂಕ ಕೊಡುವ ಅರ್ಥ ಇನ್ನೊಂದು ಸಾಲು.

ಹೇಳದೆ ಆಡಿದ ಆಟಗಳೂ ಇವೆ. ಲೂಕನ ಮೊದಲ ಅಧ್ಯಾಯದಲ್ಲಿ ಮೂಕನಾಗಿದ್ದ ಜಕರೀಯ ಹುಟ್ಟಿದ ಮಗುವಿನ ಬಗ್ಗೆ ಹಲಗೆಯ ಮೇಲೆ 'ಅವನ ಹೆಸರು ಯೋಹಾನ' ಎಂದು ಬರೆದ ಕೂಡಲೇ ಬಾಯಿ ಬಿಟ್ಟು ಹಾಡುತ್ತಾನೆ. ಆ ಹಾಡಿನ 72, 73ನೇ ವಚನಗಳಲ್ಲಿ ಕರುಣೆ ತೋರುವುದು, ಒಡಂಬಡಿಕೆಯನ್ನು ನೆನಸುವುದು, ಅಬ್ರಹಾಮನಿಗೆ ಇಟ್ಟ ಆಣೆ ಮೂರೂ ಒಂದರ ಹಿಂದೆ ಒಂದು ಬರುತ್ತವೆ. ಈಗ ಮನೆಮಂದಿಯ ಹೆಸರು ನೋಡಿ. ಮಗ ಯೋಹಾನ: ಕೃಪೆ. ಅಪ್ಪ ಜಕರೀಯ: ನೆನಪು. ಅಮ್ಮ ಎಲಿಸಬೇತ್, ಹೀಬ್ರೂವಿನ ಎಲಿಶೆಬ: ನನ್ನ ದೇವರೇ ಆಣೆ. ಇಡೀ ಕುಟುಂಬ ಎರಡು ವಚನದಲ್ಲಿ ಕೂತಿದೆ. ಬೇಕೆಂದೇ ಮಾಡಿದ್ದೋ ತಾನಾಗಿ ಕೂಡಿತೋ, ಗ್ರೀಕ್ ಮಾತ್ರ ಬಲ್ಲ ಓದುಗನಿಗೆ ಇದು ಕಾಣುವಂತಿರಲಿಲ್ಲ.

ಐದನೆಯದು: ಒಂದೇ ಹೆಸರಿನವರನ್ನು ಬೇರ್ಪಡಿಸಿ

ಲೂಕ 6ರ ಪಟ್ಟಿಯಲ್ಲಿ ಹನ್ನೆರಡು ಶಿಷ್ಯರಲ್ಲಿ ಇಬ್ಬರು ಸೀಮೋನರು, ಇಬ್ಬರು ಯಾಕೋಬರು, ಇಬ್ಬರು ಯೂದರು. ಅರ್ಧ ತರಗತಿಗೆ ಒಂದೇ ಹೆಸರು ಎಂಬಂತೆ. ಆ ಕಾಲದ ಶಾಸನ, ಮೂಳೆಪೆಟ್ಟಿಗೆ, ಪತ್ರಗಳಲ್ಲಿನ ಯೆಹೂದ್ಯ ಹೆಸರುಗಳನ್ನೆಲ್ಲ ಕಲೆಹಾಕಿದ ಇಸ್ರೇಲಿನ ವಿದ್ವಾಂಸೆ ತಾಲ್ ಇಲಾನ್ ಅವರ ಕೆಲಸದಲ್ಲೂ ಗಂಡಸರಲ್ಲಿ ಸೀಮೋನ, ಯೋಸೇಫ ಮುಂದಿವೆ, ಹೆಂಗಸರಲ್ಲಿ ಮರಿಯ, ಸಲೋಮೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಗ್ರೀಕ್ ಅರಸರ ವಿರುದ್ಧ ದಂಗೆ ಎದ್ದ ಮತ್ತತೀಯ ಎಂಬ ಯಾಜಕನ ಐದು ಮಕ್ಕಳ ಹೆಸರು ಯೋಹಾನ, ಸೀಮೋನ, ಯೂದ, ಎಲಿಯಾಜರ, ಯೋನಾತಾನ. ಅವರ ಕೀರ್ತಿಯಿಂದಲೇ ಈ ಹೆಸರುಗಳು ಮನೆಮನೆಗೆ ಬಂದವೆಂದು ಹೇಳುವುದುಂಟು. ನಮ್ಮಲ್ಲಿ ಒಂದು ಕಾಲಕ್ಕೆ ಬೀದಿಗೊಬ್ಬ ಸುಭಾಷ ಇದ್ದ ಹಾಗೆ.

ಹಾಗಾಗಿ ಅಡ್ಡಹೆಸರುಗಳು ಬೇಕಾದವು. ಊರಿನಿಂದ ಬಂದದ್ದು: ಮಗ್ದಲದ ಮರಿಯ. ತಂದೆಯಿಂದ: ಅಲ್ಫಾಯನ ಮಗ ಯಾಕೋಬ. ಇಸ್ಕರಿಯೋತ ಎನ್ನುವುದನ್ನು ಕೆರಿಯೋತ್ ಊರಿನವನು ಎಂದು ಬಿಡಿಸುವುದು ವಾಡಿಕೆ. ಸ್ವಭಾವದಿಂದ: ಯಾಕೋಬ, ಯೋಹಾನ ಅಣ್ಣತಮ್ಮಂದಿರಿಗೆ ಸಿಡಿಲಮರಿಗಳು. ಇನ್ನೊಬ್ಬ ಸೀಮೋನನಿಗೆ ಮಾರ್ಕ, ಮತ್ತಾಯರಲ್ಲಿ ಕನಾನಾಯೊಸ್ ಎಂದಿದೆ. 1611ರ ಇಂಗ್ಲಿಷ್ ಅನುವಾದ ಅದನ್ನು ಕಾನಾನ್ ದೇಶದವನು ಎಂದುಕೊಂಡಿತು. ಅದು ಅರಮಾಯಿಕ್‌ನಲ್ಲಿ ಮತಾಭಿಮಾನಿ ಎಂಬ ಪದ, ಲೂಕ ಅದನ್ನೇ ಗ್ರೀಕಿಗೆ ತಿರುಗಿಸಿ ಜೆಲೋತೇಸ್ ಎಂದಿದ್ದಾನೆ. ಊರಿನ ಹೆಸರಿನಂತೆ ಕೇಳಿಸಿದ ಮಾತ್ರಕ್ಕೆ ಊರಾಗುವುದಿಲ್ಲ.

ಕ್ರಿಸ್ತ ಎಂಬುದೂ ಯೇಸುವಿನ ಮನೆತನದ ಹೆಸರಲ್ಲ, ಬಿರುದು. ಹೀಬ್ರೂವಿನ ಮಾಶಿಯಹ್, ಅಂದರೆ ಅಭಿಷಿಕ್ತ, ಗ್ರೀಕಿನಲ್ಲಿ ಕ್ರಿಸ್ತೋಸ್. ಅಂತಿಯೋಕ್ಯದ ಜನ ಅದಕ್ಕೆ ಲ್ಯಾಟಿನ್ ಪ್ರತ್ಯಯ ಹಚ್ಚಿ, ಇಂಥವನ ಕಡೆಯವರು ಎಂಬರ್ಥದಲ್ಲಿ ಶಿಷ್ಯರಿಗೆ ಹೆಸರಿಟ್ಟರು. ನಾವು ಶಿವನಿಂದ ಶೈವ ಮಾಡಿದ ಸೂತ್ರದಲ್ಲೇ ಕ್ರಿಸ್ತನಿಂದ ಕ್ರೈಸ್ತ ಮಾಡಿಕೊಂಡೆವು.

ಆರನೆಯದು: ಕೇಳಿಬಂದ ಕತೆಯನ್ನು ಪರೀಕ್ಷಿಸಿ

ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಸೌಲ ಪೌಲನಾದ ಎಂದು ಎಷ್ಟು ಪ್ರಸಂಗಗಳಲ್ಲಿ ಕೇಳಿಲ್ಲ! ಕನ್ನಡದಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಬೇರೆ, ಸಕಾರ ಹೋಗಿ ಪಕಾರ ಬಂತು ಎಂದು ಹೇಳಲು ಸೊಗಸು. ಪುಸ್ತಕ ತೆರೆದು ನೋಡಿ. ಬೆಳಕು ಕಂಡದ್ದು ಅಪೊಸ್ತಲರ ಕೃತ್ಯಗಳು 9ರಲ್ಲಿ. 11, 12ನೇ ಅಧ್ಯಾಯಗಳಲ್ಲೂ ಅವನು ಸೌಲನೇ. 13:9ರಲ್ಲಿ, ಸೈಪ್ರಸ್ ದ್ವೀಪದಲ್ಲಿ ಸೆರ್ಗ್ಯ ಪೌಲ ಎಂಬ ರೋಮನ್ ಅಧಿಕಾರಿಯ ಎದುರು ನಿಂತಾಗ, ಪೌಲನೆನಿಸಿಕೊಳ್ಳುವ ಸೌಲ ಎಂಬ ಮಾತು ಬರುತ್ತದೆ. ಬೆನ್ಯಾಮೀನ ಕುಲದವನಾದ್ದರಿಂದ ಅದೇ ಕುಲದವನಾದ ಇಸ್ರೇಲಿನ ಮೊದಲ ಅರಸ ಸೌಲನ ಹೆಸರು ಮನೆಯಲ್ಲಿ, ರೋಮನ್ ಪ್ರಜೆಯಾದ್ದರಿಂದ ಲ್ಯಾಟಿನ್ ಹೆಸರು ಹೊರಗೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು ಹೆಸರಿರುವ ಮಕ್ಕಳು ನಮ್ಮಲ್ಲಿಲ್ಲವೇ?

ದೀಕ್ಷಾಸ್ನಾನವಾದ ಮೇಲೆ ಹೆಸರು ಬದಲಿಸಲೇಬೇಕು ಎಂದು ವಾದಿಸುವವರಿಗೂ ಇಲ್ಲಿ ಉತ್ತರ ಸಿಗುತ್ತದೆ. ಪೌಲನ ಜೊತೆಗಾರರಲ್ಲಿ ಅಪೊಲ್ಲೋಸನ ಹೆಸರಿನಲ್ಲಿ ಅಪೊಲ್ಲೋ ದೇವರಿದ್ದಾನೆ, ಎಪಫ್ರೊದೀತನ ಹೆಸರಿನಲ್ಲಿ ಅಫ್ರೊದೀತೆ ದೇವಿ ಇದ್ದಾಳೆ, ಕೆಂಖ್ರೆಯದ ಸಭೆಯ ಸೇವಕಿ ಫೊಯಿಬೆಯದು ಗ್ರೀಕ್ ಪುರಾಣದ ಹೆಸರು. ಯಾರೂ ಅವರ ಹೆಸರು ಬದಲಿಸಲಿಲ್ಲ.

ರೋಮಾಪುರದವರಿಗೆ 16:7ನ್ನು ನಿಮ್ಮ ಸತ್ಯವೇದದಲ್ಲೇ ತೆರೆದು ನೋಡಿ. ಅಂದ್ರೋನಿಕನ ಜೊತೆ ಬರುವ ಹೆಸರು ಯೂನ್ಯನಿಗೆ ಎಂದಿದೆಯೋ, ಯೂನ್ಯಳಿಗೆ ಎಂದಿದೆಯೋ? ಯೂನಿಯಾ ರೋಮಿನಲ್ಲಿ ಹೆಂಗಸರ ಮಾಮೂಲಿ ಹೆಸರು. ಆದರೂ ಅಪೊಸ್ತಲರ ನಡುವೆ ಹೆಸರಾದದ್ದು ಹೆಣ್ಣಾಗಿರಲು ಸಾಧ್ಯವೇ ಎಂದು ಅನುಮಾನಿಸಿದವರು ಅದನ್ನು ಗಂಡಸಿನ ಹೆಸರಾಗಿ ಓದಿದರು. ಇಂಗ್ಲಿಷಿನಲ್ಲಿ ವಂದನೆ ಹೇಳುವಾಗ ಹೆಸರಿನ ಮುಂದೆ ಲಿಂಗ ಹೇಳಬೇಕಾಗಿಲ್ಲ. ಕನ್ನಡದ ವಿಭಕ್ತಿ ಬಿಡುವುದಿಲ್ಲ, ಅನುವಾದಕ ಒಂದು ಕಡೆ ವಾಲಲೇಬೇಕು. ಒಂದು ಳಕಾರದಲ್ಲಿ ಇಡೀ ಚರ್ಚೆ ಕೂತಿದೆ.

ನಿಘಂಟಿನ ವಿಷಯ ಕೊನೆಗೆ ಹೇಳುತ್ತೇನೆ, ಬೇಕೆಂದೇ. ಸ್ಟ್ರಾಂಗ್ ಎಂಬವರು 1890ರಲ್ಲಿ ಹೊರತಂದ ಪದಸೂಚಿಯ ಸಂಖ್ಯೆಗಳು ಈಗ ಹೆಚ್ಚಿನ ಬೈಬಲ್ ಆ್ಯಪ್‌ಗಳಲ್ಲಿವೆ. ಗ್ರೀಕ್ 2424 ಒತ್ತಿದರೆ ಇಯೇಸೂಸ್, ಅಲ್ಲಿಂದ ಹೀಬ್ರೂ 3091ಕ್ಕೆ ಹೋದರೆ ಯೆಹೋಶುವ. ದಾರಿ ತೋರಿಸಲು ಒಳ್ಳೆಯದು, ತೀರ್ಪು ಕೊಡಲು ಸಾಲದು. ಮರಿಯ ಎಂಬ ಹೆಸರಿಗೇ ಕಹಿ, ದಂಗೆ, ಈಜಿಪ್ಟಿನ ಭಾಷೆಯಲ್ಲಿ ಪ್ರಿಯೆ ಎಂದು ಹಲವು ಅರ್ಥ ಹೇಳುವವರಿದ್ದಾರೆ. ಸಂತ ಜೆರೋಮನ ಹೆಸರಿನಲ್ಲಿ ಬಂದ 'ಸಮುದ್ರದ ಹನಿ' ಎಂಬ ಲ್ಯಾಟಿನ್ ಬಿಡಿಕೆಯಲ್ಲಿ ಸ್ತಿಲ್ಲ ಹೋಗಿ ಸ್ತೆಲ್ಲ ಆಗಿ 'ಸಮುದ್ರದ ನಕ್ಷತ್ರ' ಹುಟ್ಟಿತು, ಅದರ ಮೇಲೆ ಸ್ತೋತ್ರಗಳೂ ಹುಟ್ಟಿದವು. ಒಂದೇ ಅರ್ಥವನ್ನು ಖಡಾಖಂಡಿತವಾಗಿ ಹೇಳುವ ಹೆಸರಿನ ಪಟ್ಟಿ ಕಂಡರೆ ಮರಿಯ ಎಂಬಲ್ಲಿ ಏನಿದೆ ಎಂದು ಮೊದಲು ನೋಡಿ. ಉಳಿದದ್ದನ್ನು ಎಷ್ಟು ನಂಬಬಹುದೆಂದು ತಿಳಿಯುತ್ತದೆ.

ಕೈ ಪಳಗಲು ಒಂದು ಹೆಸರು ಕೊಡುತ್ತೇನೆ. ಅಪೊಸ್ತಲರ ಕೃತ್ಯಗಳು 1:23, ಇಸ್ಕರಿಯೋತ ಯೂದನ ಜಾಗಕ್ಕೆ ಇಬ್ಬರನ್ನು ನಿಲ್ಲಿಸುತ್ತಾರೆ. ಒಬ್ಬ ಯೂಸ್ತನೆನಿಸಿಕೊಂಡ ಬಾರ್ಸಬ್ಬನೆಂಬ ಯೋಸೇಫ. ಯೋಸೇಫ ಹೀಬ್ರೂ, ಅರ್ಥ ಮೇಲೆ ಹೇಳಿದ್ದೇನೆ. ಬಾರ್ಸಬ್ಬ ಅರಮಾಯಿಕ್, ಸಬ್ಬತ್ ದಿನ (ಯೆಹೂದ್ಯರ ವಾರದ ವಿಶ್ರಾಂತಿ ದಿನ) ಹುಟ್ಟಿದವನು ಎನ್ನುತ್ತಾರೆ, ಸೋಮವಾರ ಹುಟ್ಟಿದವನಿಗೆ ಸೋಮಣ್ಣ ಎಂದ ಹಾಗೆ, ಸಬ್ಬ ಎಂಬವನ ಮಗ ಎಂದೂ ಬಿಡಿಸಬಹುದು. ಯೂಸ್ತ ಲ್ಯಾಟಿನ್, ಧರ್ಮಪ್ಪ. ಒಬ್ಬನಿಗೆ ಮೂರು ಭಾಷೆಯಲ್ಲಿ ಮೂರು ಹೆಸರು. ಎದುರಿಗಿದ್ದವನಿಗೆ ಒಂದೇ ಹೆಸರು, ಮತ್ತೀಯ: ಯೆಹೋವನ ಕೊಡುಗೆ. ಚೀಟು ಹಾಕಿದರು, ಮತ್ತೀಯನಿಗೆ ಬಂತು. ಮೂರು ಹೆಸರಿನವನ ಸುದ್ದಿ ಹೊಸ ಒಡಂಬಡಿಕೆಯಲ್ಲಿ ಮತ್ತೆಲ್ಲೂ ಬರುವುದಿಲ್ಲ.